ಕಂಪನಿ ರೋಲಾ?

ನಮ್ಮ ಗೌರಿಬಿದನೂರು ಕಡೆ ಗಂಡಿನ ಬಗ್ಗೆ ವಿಚಾರಿಸುವ ರೀತಿ ಐದಾರು ವರ್ಷದಲ್ಲಿ ಬದಲಾಗಿಬಿಟ್ಟಿದೆ. ನಮ್ಮಜ್ಜಿ ಕಾಲದಲ್ಲಿ ಜಮೀನು ಎಷ್ಟು ಎಕರೆ ಅಂತ ಕೇಳ್ತಿದ್ದರು. ಅಮ್ಮನ ಕಾಲಕ್ಕೆ ಅದು ಬೋರ್‌ನಲ್ಲಿ ಎಷ್ಟು ಇಂಚು ನೀರು ಅಂತಾಯ್ತು. ಸಾವಿರ ಅಡಿ ಕೊರೆದರೂ ಬರೀ ಧೂಳು ಬರೋಕೆ ಶುರುವಾದ ಮೇಲೆ ಆ ಪ್ರಶ್ನೆ ಕೇಳೋದೇ ಮುಜುಗರ. ಹಾಗಾಗಿ "ಹುಡುಗ ಬೆಂಗಳೂರಲ್ಲಿದ್ದಾನಾ?" ಅನ್ನೋದು ಬಂತು. ಈಗ ಹುಡುಗರು ಊರಲ್ಲೇ ಇದ್ದಾರೆ, ಊರಿನ ಸುತ್ತ ಫ್ಯಾಕ್ಟರಿಗಳು ಬಂದಿವೆ. "ಹುಡುಗ ಕಂಪನಿಯಲ್ಲಿದ್ದಾನೆ" ಅಂದರೆ ಸಾಲದು. ಎದುರಿಗೆ ಕೂತವರು ಕಾಫಿ ಲೋಟ ಕೆಳಗಿಟ್ಟು ಕೇಳ್ತಾರೆ: "ಕಂಪನಿ ರೋಲಾ, ಕಾಂಟ್ರಾಕ್ಟಾ?"

ಎಸ್ಸೆಸ್ಸೆಲ್ಸಿ ದಾಟದ ಅತ್ತೆಯಂದಿರ ಬಾಯಲ್ಲೂ ಈ ಮಾತಿದೆ. ದೊಡ್ಡ ದೊಡ್ಡ ಹೂಡಿಕೆದಾರರ ಸಮಾವೇಶಗಳಲ್ಲಿ ಯಾರೂ ಕೇಳದ ಪ್ರಶ್ನೆಯನ್ನ ಇವರು ಒಂದು ಬೋಂಡಾ ಮುಗಿಯೋದರೊಳಗೆ ಕೇಳಿ ಮುಗಿಸ್ತಾರೆ. "ಐದು ಸಾವಿರ ಉದ್ಯೋಗ ಸೃಷ್ಟಿ" ಅಂತ ಪತ್ರಿಕೆಯಲ್ಲಿ ಹೆಡ್‌ಲೈನ್ ಬಂದಾಗಲೆಲ್ಲ ನನಗೆ ಈ ಅತ್ತೆಯಂದಿರು ನೆನಪಾಗ್ತಾರೆ. ಆ ಪತ್ರಿಕಾಗೋಷ್ಠಿಗೆ ಇವರಲ್ಲಿ ಒಬ್ಬರನ್ನ ಕಳಿಸಬೇಕಿತ್ತು ಅನ್ಸುತ್ತೆ.

ಗೌರಿಬಿದನೂರು ಅಂದರೆ ಬೆಂಗಳೂರಿನ ನನ್ನ ಸಹೋದ್ಯೋಗಿಗಳಿಗೆ ಹೆಚ್ಚೇನೂ ಗೊತ್ತಿಲ್ಲ. ಮಾಕಳಿದುರ್ಗಕ್ಕೆ ಟ್ರೆಕ್ಕಿಂಗ್ ಹೋಗೋರಿಗೆ ನಮ್ಮ ರೈಲು ಗೊತ್ತು. ಅವರು ನಡುವೆಯೇ ಇಳಿದುಬಿಡ್ತಾರೆ. ಇಳಿಯದೆ ಕೂತರೆ ತೊಂಡೇಬಾವಿ ಆಮೇಲೆ ನಮ್ಮೂರು. ಅದು ದಾಟಿದರೆ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗ. ಇನ್ನೂ ಮುಂದೆ ಹೋದರೆ ಹಿಂದೂಪುರ, ಅಂದರೆ ಆಂಧ್ರ. ನಮ್ಮೂರ ಪಕ್ಕ ಆಕಾಶದ ಸದ್ದು ಕೇಳೋಕೆ ಒಂದು ರೇಡಿಯೋ ದೂರದರ್ಶಕ ಇದೆ, ನೆಲದ ಸದ್ದು ಕೇಳೋಕೆ ಒಂದು ಭೂಕಂಪ ಮಾಪನ ಕೇಂದ್ರ ಇದೆ. ಆದರೆ ಓದು, ಕೆಲಸ ಅಂತ ಬಂದಾಗ ನಮ್ಮವರು ಬೆಂಗಳೂರಿನ ದಾರಿಯನ್ನೇ ಹಿಡಿದದ್ದು. ಹೊಸೂರಿನ ಎಚ್. ನರಸಿಂಹಯ್ಯನವರು ಓದೋಕೆ ಅಂತ ಕಾಲ್ನಡಿಗೆಯಲ್ಲೇ ಬೆಂಗಳೂರಿಗೆ ಹೋದರು ಅನ್ನೋದು ನಮ್ಮ ತಾಲ್ಲೂಕಿನ ಪ್ರತಿ ಮಗುವಿಗೂ ಗೊತ್ತು. ನಾವು ಬೆಳಗಿನ ರೈಲಲ್ಲಿ ನಿಂತುಕೊಂಡು ಹೋದೆವು, ಅಷ್ಟೇ ವ್ಯತ್ಯಾಸ.

ಆ ರೈಲಿನ ದಿಕ್ಕು ಬದಲಾಗಬಹುದು ಅಂತ ಮೊದಲು ಅನಿಸಿದ್ದು 2017ರಲ್ಲಿ. ಆ ವರ್ಷ ಏಪ್ರಿಲ್‌ನಲ್ಲಿ ಕೊರಿಯಾದ ಕಿಯಾ ಕಂಪನಿ ಪೆನುಕೊಂಡದ ಹತ್ತಿರ ಕಾರು ಕಾರ್ಖಾನೆ ಮಾಡೋಕೆ ಆಂಧ್ರ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. 110 ಕೋಟಿ ಡಾಲರ್ ಹೂಡಿಕೆ, ವರ್ಷಕ್ಕೆ 3 ಲಕ್ಷ ಕಾರು. 2019ರಲ್ಲಿ ಕಾರು ಹೊರಗೆ ಬಂತು. ನಮ್ಮೂರಿಂದ ಅಲ್ಲಿಗೆ ಸುಮಾರು 60 ಕಿಲೋಮೀಟರ್, ಬೆಂಗಳೂರಿಗಿಂತ ಹತ್ತಿರ. ಒಂದು ಕಾರಿನಲ್ಲಿ ಸಾವಿರಾರು ಬಿಡಿಭಾಗ ಇರುತ್ತೆ. ಕಾರು ಕಂಪನಿ ಅದರಲ್ಲಿ ಮಾಡೋದು ಸ್ವಲ್ಪ, ಉಳಿದದ್ದು ಸೀಟು, ವೈರಿಂಗ್, ಬಂಪರ್, ಬ್ರಾಕೆಟ್ ಮಾಡೋ ವೆಂಡರ್‌ಗಳ ಕೆಲಸ. ಅದಕ್ಕೇ ಕಾರು ಫ್ಯಾಕ್ಟರಿ ಬಂದ ಕಡೆ ಬಿಡಿಭಾಗದ ಫ್ಯಾಕ್ಟರಿಗಳು ಕೋಳಿಯ ಹಿಂದೆ ಮರಿಗಳ ಹಾಗೆ ಬರುತ್ತವೆ. ಆ ದಿನಗಳಲ್ಲಿ ನಮ್ಮೂರ ಬಸ್‌ಸ್ಟ್ಯಾಂಡ್ ಹೋಟೆಲುಗಳಲ್ಲಿ ಎಲ್ಲರೂ ಆಟೊಮೊಬೈಲ್ ಎಕ್ಸ್‌ಪರ್ಟ್‌ಗಳೇ.

ಕಿಯಾ ಒಪ್ಪಂದದ ಸಮಯದಲ್ಲಿ ಬಂದ ಲೆಕ್ಕ ನನಗೆ ಇನ್ನೂ ನೆನಪಿದೆ. ಒಟ್ಟು 11,000 ಉದ್ಯೋಗ. ಹೆಡ್‌ಲೈನ್‌ನಲ್ಲಿ ಇದ್ದದ್ದು ಅಷ್ಟು. ಒಳಗೆ ಓದಿದರೆ 4,000 ಕಾಯಂ, 7,000 ತಾತ್ಕಾಲಿಕ. ಆ ಲೆಕ್ಕವನ್ನ ಯಾರೂ ಮುಚ್ಚಿಟ್ಟಿರಲಿಲ್ಲ. ನಾವು ಕೂಡೋ ಚಿಹ್ನೆಯನ್ನ ನೋಡಿದೆವು, ಕೂಡ್ತಾ ಇರೋದು ಏನನ್ನ ಅಂತ ನೋಡಲಿಲ್ಲ.

ನಮ್ಮ ಚಿಕ್ಕಪ್ಪನ ಮಗ ಇಂಥದ್ದೇ ಒಂದು ಬಿಡಿಭಾಗದ ಕಂಪನಿಯಲ್ಲಿದ್ದಾನೆ. ಹೆಸರು ಬೇಡ. ಅದೇನೂ ಕೆಟ್ಟ ಕಂಪನಿಯಲ್ಲ. ಸಂಬಳ ತಿಂಗಳ ಏಳಕ್ಕೆ ಬರುತ್ತೆ, ಕ್ಯಾಂಟೀನ್ ಊಟ ಚೆನ್ನಾಗಿರುತ್ತೆ. ಆರ್ಡರ್ ಜಾಸ್ತಿಯಾಗಿ ಈಗ ಎರಡನೇ ಶೆಡ್ ಕಟ್ಟುತ್ತಿದ್ದಾರೆ. ಇವನು ಐಟಿಐ ಫಿಟ್ಟರ್. ಅಲ್ಯೂಮಿನಿಯಂ ಕಾಸ್ಟಿಂಗನ್ನ ಸಿಎನ್‌ಸಿ ಮಷಿನ್‌ಗೆ ಹಾಕೋದು, ಕ್ಲ್ಯಾಂಪ್ ಮಾಡೋದು, ಬಾಗಿಲು ಮುಚ್ಚಿ ಬಟನ್ ಒತ್ತೋದು. ಹೊರಗೆ ಬಂದ ಪೀಸಿನ ಅಂಚು ಉಜ್ಜಿ, ಗೋ–ನೋಗೋ ಗೇಜ್ ಹಾಕಿ ರಂಧ್ರದ ಅಳತೆ ನೋಡಿ, ಟ್ರೇನಲ್ಲಿ ಜೋಡಿಸೋದು. ಒಂದು ಬದಿ ಹಿಡಿಯಬೇಕು, ಇನ್ನೊಂದು ಬದಿ ಹಿಡಿಯಬಾರದು. ಎರಡೂ ಹಿಡಿದರೆ ಪೀಸ್ ರಿಜೆಕ್ಟ್. ಶಿಫ್ಟಿಗೆ ನೂರಾರು ಪೀಸ್. ಮನೆಗೆ ಬಂದರೂ ಅವನ ಶರ್ಟಿಂದ ಕೂಲಂಟ್ ವಾಸನೆ ಹೋಗಲ್ಲ. ಚಿಕ್ಕಮ್ಮ ಅದನ್ನ "ಕಂಪನಿ ವಾಸನೆ" ಅಂತಾರೆ, ಮೊದಮೊದಲು ಸ್ವಲ್ಪ ಹೆಮ್ಮೆಯಿಂದಲೇ ಅಂತಿದ್ದರು.

ಮೊದಲ ವರ್ಷ ಅವನು ಅಪ್ರೆಂಟಿಸ್. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಅಪ್ರೆಂಟಿಸ್ ಅಂದರೆ ಕಲಿಯೋನು, ಕಾರ್ಮಿಕ ಅಲ್ಲ. ಹಾಗಾಗಿ ಅವನಿಗೆ ಸಿಗೋದು ಸ್ಟೈಪೆಂಡ್, ಸಂಬಳ ಅಲ್ಲ. ಪಿಎಫ್, ಇಎಸ್‌ಐ ಇಲ್ಲ. ಅದು ಸರಿಯೇ, ಕಲಿಯೋ ಕಾಲ. ವರ್ಷ ಮುಗಿದ ಮೇಲೆ ಒಂದು ಸರ್ಟಿಫಿಕೇಟ್ ಕೊಟ್ಟು, "ಅದೇ ಮಷಿನ್‌ಗೆ ಸೋಮವಾರದಿಂದ ಬಾ, ಆದರೆ ಗೇಟ್ ಪಕ್ಕದ ಕನ್ಸಲ್ಟೆನ್ಸಿ ಆಫೀಸಲ್ಲಿ ಫಾರಂ ತುಂಬು" ಅಂದರು. ನಮ್ಮ ಕಡೆ ಲೇಬರ್ ಕಾಂಟ್ರಾಕ್ಟರ್ ಅಂತ ಯಾರೂ ಹೇಳಲ್ಲ, ಕನ್ಸಲ್ಟೆನ್ಸಿ. ಹೆಸರು ಕೇಳಿದರೆ ಏನೋ ಸಲಹೆ ಕೊಡ್ತಾರೆ ಅನ್ಸುತ್ತೆ.

ಅಲ್ಲಿಂದ ಇವತ್ತಿನವರೆಗೆ ಮೂರು ಕನ್ಸಲ್ಟೆನ್ಸಿ ಬದಲಾಗಿವೆ. ಮಷಿನ್ ಮಾತ್ರ ಅದೇ.

ನನಗೆ ಇದು ಪೂರ್ತಿ ಅರ್ಥವಾದದ್ದು ಬ್ಯಾಂಕಿನಲ್ಲಿ. ಹಳೇ ಮನೆಯ ಹೆಂಚು ತೆಗೆದು ಮೋಲ್ಡ್ ಹಾಕಿಸಬೇಕು, ಲೋನ್ ಬೇಕು ಅಂತ ಅವನು ನನ್ನನ್ನ ಜೊತೆಗೆ ಕರೆದ. ನಾನು ಐಟಿಯಲ್ಲಿದ್ದೀನಿ, ಇಂಗ್ಲಿಷಲ್ಲಿ ಮಾತಾಡ್ತೀನಿ ಅನ್ನೋ ಧೈರ್ಯ. ಮೇಜಿನ ಆಚೆ ಇದ್ದ ಆಫೀಸರ್ ಒಳ್ಳೆಯ ಮನುಷ್ಯ. ಪೇಸ್ಲಿಪ್ ನೋಡಿದರು, ಪಿಎಫ್ ಪಾಸ್‌ಬುಕ್ ನೋಡಿದರು. ಯುಎಎನ್ ನಂಬರ್ ಒಂದೇ, ಅದರಡಿ ಮೂರು ಬೇರೆ ಬೇರೆ ಸಂಸ್ಥೆಗಳ ಹೆಸರು. ಮೂರರಲ್ಲಿ ಒಂದೂ ಇವನು ಪ್ರತಿದಿನ ಒಳಗೆ ಹೋಗೋ ಗೇಟಿನ ಮೇಲಿರೋ ಹೆಸರಲ್ಲ.

"ಇಷ್ಟು ಬೇಗ ಬೇಗ ಕೆಲಸ ಬದಲಾಯಿಸಿದ್ದೀರಲ್ಲ?" ಅಂದರು.

"ನಾನೆಲ್ಲಿ ಬದಲಾಯಿಸಿದ್ದೀನಿ ಸಾರ್," ಅಂದ ಇವನು. "ಒಂದೇ ಮಷಿನ್ ಮುಂದೆ ನಿಂತಿದ್ದೀನಿ. ಅವರೇ ಬದಲಾಗ್ತಾವ್ರೆ."

ಆಫೀಸರ್ ನಕ್ಕರು. ಲೋನ್ ಆಗಲಿಲ್ಲ. ಕಂಪನಿಯಿಂದ ಒಂದು ಲೆಟರ್ ತಂದರೆ ನೋಡೋಣ ಅಂದರು. ಕಂಪನಿಯವರು, "ನೀನು ನಮ್ಮ ಎಂಪ್ಲಾಯೀ ಅಲ್ಲವಲ್ಲ, ನಾವು ಹೇಗೆ ಲೆಟರ್ ಕೊಡೋದು?" ಅಂದರು. ಕನ್ಸಲ್ಟೆನ್ಸಿಯವರು ಲೆಟರ್ ಕೊಟ್ಟರು. ಅದರಲ್ಲಿ ಅವನು ಕೆಲಸಕ್ಕೆ ಸೇರಿ ಏಳು ತಿಂಗಳಾಗಿದೆ ಅಂತಿತ್ತು. ಅದೂ ಸುಳ್ಳಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ಗ್ರಾಚ್ಯುಯಿಟಿ ಸಿಗಬೇಕಾದರೆ ಸಾಮಾನ್ಯವಾಗಿ ಐದು ವರ್ಷ ನಿರಂತರ ಸೇವೆ ಬೇಕು. ವರ್ಷದಲ್ಲಿ 240 ದಿನ ಕೆಲಸ ಮಾಡಿದವನನ್ನ ಹಾಗೇ ತೆಗೆಯೋಕಾಗಲ್ಲ, ನೋಟಿಸ್ ಕೊಡಬೇಕು, ಪರಿಹಾರ ಕೊಡಬೇಕು ಅಂತ 2025ರವರೆಗೆ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆ ಹೇಳ್ತಿತ್ತು. ಈ 240 ಅನ್ನೋ ನಂಬರ್ ನಮ್ಮ ಕಡೆ ಫ್ಯಾಕ್ಟರಿ ಹುಡುಗರಿಗೆಲ್ಲ ಬಾಯಿಪಾಠ. ಆದರೆ ಲೆಕ್ಕ ಶುರುವಾಗೋದು ಯಾರ ರಿಜಿಸ್ಟರ್‌ನಲ್ಲಿ ಅನ್ನೋದೇ ಪ್ರಶ್ನೆ. ರಿಜಿಸ್ಟರ್ ಬದಲಾದಾಗಲೆಲ್ಲ ನಮ್ಮ ಹುಡುಗ ಹೊಸಬ. ನಾಲ್ಕು ವರ್ಷದಲ್ಲಿ ಅವನಿಗೆ ಮೂರು ಸಲ ಉದ್ಯೋಗ "ಸೃಷ್ಟಿ" ಆಗಿದೆ.

ಇದು ನಮ್ಮ ಹುಡುಗನೊಬ್ಬನ ಕಥೆ ಅಲ್ಲ. ಕೇಂದ್ರ ಸರ್ಕಾರದ ವಾರ್ಷಿಕ ಕೈಗಾರಿಕಾ ಸಮೀಕ್ಷೆಯ 2022–23ರ ಅಂಕಿಅಂಶ 2024ರ ಸೆಪ್ಟೆಂಬರ್‌ನಲ್ಲಿ ಬಂತು. ದೇಶದ ನೋಂದಾಯಿತ ಕಾರ್ಖಾನೆಗಳ ಪ್ರತಿ ನೂರು ಕಾರ್ಮಿಕರಲ್ಲಿ 40ಕ್ಕಿಂತ ಹೆಚ್ಚು ಜನ ಕಾಂಟ್ರಾಕ್ಟ್ ಮೂಲಕ ಬಂದವರು. ಈ ಶತಮಾನದ ಶುರುವಿನಲ್ಲಿ ಐವರಲ್ಲಿ ಒಬ್ಬರು ಹಾಗಿದ್ದರು. ಈಗ ಐವರಲ್ಲಿ ಇಬ್ಬರು. ಇದು ಬರೀ ಕಾಂಟ್ರಾಕ್ಟ್‌ನವರ ಲೆಕ್ಕ. ಕಲಿಯೋ ಹೆಸರಲ್ಲಿ ಇರೋರು ಇದರಲ್ಲಿ ಬರಲ್ಲ.

ಕಂಪನಿಗಳು ಯಾಕೆ ಹೀಗೆ ಮಾಡ್ತವೆ? ಬರೀ ದುರಾಸೆ ಅಂತ ಹೇಳಿ ಮುಗಿಸಬಹುದು. ಆದರೆ ನಾನು ಕೆಲಸ ಮಾಡೋದು ಸಪ್ಲೈ ಚೈನ್ ಸಾಫ್ಟ್‌ವೇರ್‌ನಲ್ಲಿ, ಇನ್ನೊಂದು ಬದಿಯಿಂದ ಇದು ಹೇಗೆ ಕಾಣುತ್ತೆ ಅಂತ ದಿನಾ ನೋಡ್ತೀನಿ. ಕಾರು ಕಂಪನಿ ತನ್ನ ಗೋಡೌನ್‌ನಲ್ಲಿ ಮಾಲು ಇಟ್ಟುಕೊಳ್ಳಲ್ಲ. ಇವತ್ತು ಬೇಕಾದ ಬ್ರಾಕೆಟ್ ಇವತ್ತೇ ಬರಬೇಕು. ವೆಂಡರ್‌ಗೆ ವರ್ಷದ ಅಂದಾಜು ಕೊಡ್ತಾರೆ, ಆದರೆ ಗ್ಯಾರಂಟಿ ಇರೋದು ಮುಂದಿನ ಕೆಲವೇ ವಾರಗಳ ಶೆಡ್ಯೂಲ್‌ಗೆ. ಮಾಡೆಲ್ ಓಡಿದರೆ ಮೂರು ಶಿಫ್ಟ್. ಓಡದಿದ್ದರೆ ಮಷಿನ್‌ಗೆ ಬಟ್ಟೆ ಹೊದಿಸಿಡಬೇಕು. ಅದರ ಜೊತೆಗೆ ಪ್ರತಿ ವರ್ಷ ಪೀಸಿನ ರೇಟ್ ಇಳಿಸು ಅನ್ನೋ ಒತ್ತಾಯ. ಅಲ್ಯೂಮಿನಿಯಂ ರೇಟು, ಕರೆಂಟ್ ರೇಟು, ಬ್ಯಾಂಕ್ ಬಡ್ಡಿ ಇದ್ಯಾವುದೂ ವೆಂಡರ್ ಮಾತು ಕೇಳಲ್ಲ. ಏರಿಳಿತವನ್ನ ಹೊರೋಕೆ ಅವನ ಕೈಲಿ ಉಳಿಯೋದು ಮನುಷ್ಯರೊಬ್ಬರೇ.

2019ರಲ್ಲಿ ಇದು ಹೇಗೆ ನಡೆಯುತ್ತೆ ಅಂತ ದೇಶವೇ ನೋಡಿತು. ವಾಹನ ಮಾರಾಟ ಬಿದ್ದಾಗ, ಸುಮಾರು ಒಂದು ಲಕ್ಷ ತಾತ್ಕಾಲಿಕ ನೌಕರರು ಕೆಲಸ ಕಳೆದುಕೊಂಡಿದ್ದಾರೆ ಅಂತ ಬಿಡಿಭಾಗ ತಯಾರಕರ ಸಂಘವೇ ಹೇಳಿತು. ಹೆಚ್ಚಿನ ಕಡೆ ಲಾಕೌಟ್ ಬೋರ್ಡ್ ಬಿದ್ದ ಹಾಗೆ ಕಾಣಲಿಲ್ಲ, ಗೇಟಿನ ಮುಂದೆ ಧರಣಿಯೂ ಇರಲಿಲ್ಲ. "ಸೋಮವಾರದಿಂದ ಬರಬೇಡ" ಅಂತ ಒಂದು ಫೋನ್ ಕಾಲ್ ಸಾಕಾಗಿತ್ತು. ಸೃಷ್ಟಿಯಾದಾಗ ಹೆಡ್‌ಲೈನ್ ಆದ ಕೆಲಸ, ಹೋದಾಗ ಸುದ್ದಿಯೇ ಆಗಲಿಲ್ಲ.

ಯಾವಾಗಲೂ ಅಷ್ಟು ಸದ್ದಿಲ್ಲದೆ ಮುಗಿಯುತ್ತೆ ಅಂತಲೂ ಅಲ್ಲ. 2020ರ ಡಿಸೆಂಬರ್ 12ರಂದು ಪಕ್ಕದ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸೋ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಲಾಟೆ ಆದದ್ದು ನಿಮಗೆ ನೆನಪಿರಬಹುದು. ಅದು ಫೋನ್, ಇದು ಕಾರು. ಆದರೆ ಹುಡುಗರು ಅದೇ ಸುತ್ತಮುತ್ತಲಿನ ಜಿಲ್ಲೆಗಳ ಡಿಪ್ಲೊಮಾ, ಐಟಿಐ ಹುಡುಗರು, ನಡುವೆ ಇದ್ದದ್ದು ಅದೇ ಕಾಂಟ್ರಾಕ್ಟರ್‌ಗಳು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿರಲಿಲ್ಲ ಅಂತ ಕಂಪನಿಯೇ ಆಮೇಲೆ ಒಪ್ಪಿಕೊಂಡಿತು, ಒಬ್ಬ ಉಪಾಧ್ಯಕ್ಷರನ್ನ ತೆಗೆಯಿತು. ಮಷಿನ್ ಒಡೆದದ್ದು ಸರಿ ಅಂತ ನಾನು ಹೇಳ್ತಿಲ್ಲ. ಸಂಬಳ ಕಡಿಮೆ ಬಂದರೆ ಯಾರನ್ನ ಕೇಳಬೇಕು ಅಂತಲೇ ಸಾವಿರಾರು ಜನಕ್ಕೆ ಗೊತ್ತಿಲ್ಲದ ಜಾಗದಲ್ಲಿ ಸಿಟ್ಟು ಎಲ್ಲಿಗೆ ಹೋಗಬೇಕು ಅನ್ನೋದು ನನ್ನ ಪ್ರಶ್ನೆ.

ಇನ್ನು ಬೆಂಗಳೂರಿಗೆ ಬರೋಣ. ಬಿಟಿಎಂ ಹತ್ತಿರ ಬಾಡಿಗೆಗೆ ಇರೋರು ದಿನಾ ಒಂದು ಬಿಡಿಭಾಗದ ಕಂಪನಿಯ ಹೆಸರು ಹೇಳ್ತಿರ್ತೀರ. ಮೈಕೋ ಲೇಔಟ್. ಸ್ವಿಗ್ಗಿ ಹುಡುಗನಿಗೆ ಅಡ್ರೆಸ್ ಹೇಳುವಾಗ ಈ ಮೈಕೋ ಯಾರು ಅಂತ ಯೋಚಿಸಿದ್ದೀರಾ? ಮೋಟಾರ್ ಇಂಡಸ್ಟ್ರೀಸ್ ಕಂಪನಿ. 1951ರಲ್ಲಿ ಶುರುವಾಗಿ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್, ಡೀಸೆಲ್ ಎಂಜಿನ್‌ನ ಇಂಧನ ಪಂಪ್ ಮಾಡ್ತಿದ್ದ ಫ್ಯಾಕ್ಟರಿ. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಆಯ್ತು. ಅಲ್ಲಿ ಕೆಲಸ ಮಾಡ್ತಿದ್ದವರು ಸಹಕಾರ ಸಂಘ ಮಾಡಿಕೊಂಡು, ಸಂಬಳದಲ್ಲಿ ಕಂತು ಕಟ್ಟಿ, ಸೈಟು ತಗೊಂಡರು. ಬಿಟಿಎಂ ಪಕ್ಕ ಒಂದು ಮೈಕೋ ಲೇಔಟ್, ಅರೆಕೆರೆಯಲ್ಲಿ ಇನ್ನೊಂದು. ಬಿಇಎಲ್ ಲೇಔಟ್, ಎಚ್‌ಎಂಟಿ ಲೇಔಟ್, ಐಟಿಐ ಲೇಔಟ್, ಎಲ್ಲದರ ಹಿಂದೆ ಇದೇ ಕಥೆ. ಬೆಳಗ್ಗೆ ಸೈರನ್, ಟಿಫಿನ್ ಕ್ಯಾರಿಯರ್, ಕಂಪನಿ ಬಸ್, 30x40 ಸೈಟು, ಮಗಳಿಗೆ ಎಂಜಿನಿಯರಿಂಗ್ ಸೀಟು.

ಆ ಕಾಲವೇ ಚೆನ್ನಾಗಿತ್ತು ಅಂತ ಹಾಡೋಕೆ ನನಗೆ ಇಷ್ಟ ಇಲ್ಲ. ಸ್ಪರ್ಧೆ ಇಲ್ಲದ ಮಾರುಕಟ್ಟೆ, ಸ್ಕೂಟರ್‌ಗೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು. ಆ ಗೇಟುಗಳ ಒಳಗೆ ಹೋದ ಹೆಂಗಸರು ಕಮ್ಮಿ. ನಮ್ಮ ತಾಲ್ಲೂಕಿನಿಂದ ಹೋದವರು ಇನ್ನೂ ಕಮ್ಮಿ. ಆದರೆ ಒಂದು ಮಾತು ನಿಜ. ಒಬ್ಬ ಟರ್ನರ್, ಒಬ್ಬ ಫಿಟ್ಟರ್ ಇಪ್ಪತ್ತು ವರ್ಷದ ಮುಂದಿನದನ್ನ ಯೋಚಿಸಬಹುದಿತ್ತು, ಬ್ಯಾಂಕ್ ಅವನ ಜೊತೆ ಸೇರಿ ಯೋಚಿಸುತ್ತಿತ್ತು. ಅವನ ಮನೆ ಬಾಡಿಗೆ ಪಡೆದವರು, ಅವನ ಬೀದಿಯಲ್ಲಿ ದರ್ಶಿನಿ ಇಟ್ಟವರು, ಅವನ ಮಕ್ಕಳಿಗೆ ಟ್ಯೂಷನ್ ಹೇಳಿದವರು, ಎಲ್ಲರ ಕೆಲಸವೂ ಆ ಒಂದು ಕೆಲಸದಿಂದಲೇ ಹುಟ್ಟಿದ್ದು. ಉದ್ಯೋಗ ಸೃಷ್ಟಿ ಅಂದರೆ ನನಗೆ ಕಾಣೋದು ಇದು. ನಮ್ಮೂರಲ್ಲಿ ಯಾವ ಕನ್ಸಲ್ಟೆನ್ಸಿ ಹೆಸರಲ್ಲೂ ಒಂದು ಲೇಔಟ್ ಆಗಿಲ್ಲ.

ಆಡುಗೋಡಿಯ ಫ್ಯಾಕ್ಟರಿ ಕೆಲಸ ಬಿಡದಿಗೆ ಹೋಯ್ತು. 2015ರಲ್ಲಿ ಅಲ್ಲಿ ಹೊಸ ಘಟಕ ಶುರುವಾಯ್ತು. ಆಡುಗೋಡಿಯ 76 ಎಕರೆ ಈಗ ಟೆಕ್ ಕ್ಯಾಂಪಸ್, 2022ರಲ್ಲಿ ಉದ್ಘಾಟನೆ ಆಯ್ತು, 10,000 ಜನ ಕೂರಬಹುದಾದ ಜಾಗ. ಇದನ್ನ ಓದ್ತಿರೋ ನಿಮ್ಮಲ್ಲಿ ಕೆಲವರು ಅಲ್ಲೇ ಕೂತಿರಬಹುದು. ಸ್ಪಾರ್ಕ್ ಪ್ಲಗ್ ಮಾಡ್ತಿದ್ದ ನೆಲದ ಮೇಲೆ ಈಗ ಕೋಡ್ ಬರೀತಾರೆ. ಮಷಿನ್ ಮುಂದೆ ನಿಲ್ಲೋ ಕೆಲಸ ಊರಿನ ಹೊರಗೆ, ಇನ್ನೂ ಹೊರಗೆ ಹೋಗ್ತಾ ನಮ್ಮಂಥವರ ತಾಲ್ಲೂಕಿಗೆ ಬಂದಿದೆ. ಕೆಲಸ ಬಂದದ್ದು ಸಂತೋಷವೇ. ಆದರೆ ಆಡುಗೋಡಿಯಿಂದ ಹೊರಟ ಕೆಲಸ ನಮ್ಮೂರು ತಲುಪೋ ಹೊತ್ತಿಗೆ ದಾರಿಯಲ್ಲಿ ಏನೇನು ಕಳಚಿಕೊಂಡು ಬಿದ್ದಿದೆ ಅಂತ ನೋಡಬೇಕು.

ಇದರ ಮಧ್ಯೆ ಸ್ಥಳೀಯರಿಗೆ ಉದ್ಯೋಗ ಅನ್ನೋ ಗಲಾಟೆ. 2019ರ ಜುಲೈನಲ್ಲಿ ಆಂಧ್ರ ವಿಧಾನಸಭೆ ಕಾರ್ಖಾನೆಗಳಲ್ಲಿ ಶೇ. 75ರಷ್ಟು ಕೆಲಸ ಸ್ಥಳೀಯರಿಗೆ ಅಂತ ಕಾಯ್ದೆ ಮಾಡಿತು. 2024ರ ಜುಲೈನಲ್ಲಿ ನಮ್ಮ ಸಚಿವ ಸಂಪುಟ ಮ್ಯಾನೇಜ್‌ಮೆಂಟ್ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಅಂತ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಎರಡೇ ದಿನಕ್ಕೆ ತಡೆಹಿಡಿಯಿತು. ಆ ಎರಡು ದಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಕನ್ನಡದವರು ಒಂದು ಟೇಬಲ್, ಉಳಿದವರು ಇನ್ನೊಂದು ಟೇಬಲ್.

ನಮ್ಮ ಹುಡುಗನ ಕಡೆಯಿಂದ ನೋಡಿ. ಅವನು ಮಾತಾಡೋದು ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಸಿಟ್ಟು ಬಂದಾಗ ಎರಡೂ. ಅವನ ಅಕ್ಕನನ್ನ ಕೊಟ್ಟಿರೋದು ಹಿಂದೂಪುರಕ್ಕೆ. 60 ಕಿಲೋಮೀಟರ್ ದೂರದ ಪೆನುಕೊಂಡದಲ್ಲಿ ಅವನು ಹೊರಗಿನವನು. ಬೆಂಗಳೂರು ದಾಟಿ ಹೋಗಬೇಕಾದ ಬಿಡದಿಯಲ್ಲಿ ಸ್ಥಳೀಯ. ಅವನ ಭಾವ ಇದಕ್ಕೆ ಸರಿಯಾಗಿ ಉಲ್ಟಾ. ಮದುವೆ, ಜಾತ್ರೆ, ಹಾಲು, ರೇಷ್ಮೆಗೂಡು ಯಾವುದಕ್ಕೂ ಅಡ್ಡ ಬರದ ಗಡಿ ಕೆಲಸಕ್ಕೆ ಮಾತ್ರ ಅಡ್ಡ ಬರುತ್ತೆ. ನಮ್ಮೂರವರಿಗೆ ನಮ್ಮೂರಲ್ಲಿ ಕೆಲಸ ಸಿಗಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ನಮ್ಮ ಕೈಗಾರಿಕಾ ನೀತಿಯೂ ಶೇ. 70 ಅಂತ ಹೇಳುತ್ತೆ, ಡಿ ದರ್ಜೆಗೆ ಶೇ. 100. ಆದರೆ ಕಾಂಟ್ರಾಕ್ಟರ್‌ನ ರಿಜಿಸ್ಟರ್‌ನಲ್ಲಿ ನೂರಕ್ಕೆ ನೂರು ಸ್ಥಳೀಯರೇ ಇದ್ದರೂ ಬ್ಯಾಂಕಿನ ಮೇಜಿನ ಮುಂದೆ ಏನೂ ಬದಲಾಗಲ್ಲ. ಯಾರಿಗೆ ಕೆಲಸ ಅಂತ ಜಗಳ ಆಡೋ ಭರದಲ್ಲಿ, ಎಂಥಾ ಕೆಲಸ ಅಂತ ಕೇಳೋದು ನಿಂತುಹೋಗಿದೆ.

ಇದೆಲ್ಲ ಫ್ಯಾಕ್ಟರಿ ಸಮಾಚಾರ, ನಮಗೇನು ಅನ್ನೋ ಹಾಗಿಲ್ಲ. ನಾಳೆ ಆಫೀಸಿಗೆ ಹೋದಾಗ ಕುತ್ತಿಗೆಯ ಟ್ಯಾಗ್‌ಗಳ ಬಣ್ಣ ನೋಡಿ. ಒಂದೇ ಟೀಮ್, ಒಂದೇ ಸ್ಟ್ಯಾಂಡಪ್ ಮೀಟಿಂಗ್, ಒಂದೇ ಡೆಡ್‌ಲೈನ್. ಆದರೆ ಒಬ್ಬಳ ಟ್ಯಾಗ್ ನೀಲಿ, ಪಕ್ಕದವಳದು ಹಳದಿ. ಹಳದಿಯವಳು ಟೀಮ್ ಔಟಿಂಗ್‌ಗೆ ಬರಲ್ಲ. ಯಾಕೆ ಬರಲಿಲ್ಲ ಅಂತ ಯಾರೂ ಕೇಳಲ್ಲ. ನಾವು ಅದಕ್ಕೆ ಸಿ–ಟು–ಎಚ್ ಅಂತೀವಿ, ವೆಂಡರ್ ರಿಸೋರ್ಸ್ ಅಂತೀವಿ. ನಮ್ಮ ಹುಡುಗನ ಫ್ಯಾಕ್ಟರಿಯಲ್ಲಿ ಅದು ಶರ್ಟಿನ ಬಣ್ಣದಲ್ಲಿ ಗೊತ್ತಾಗುತ್ತೆ: ರೋಲ್‌ನವರಿಗೆ ನೀಲಿ, ಕಾಂಟ್ರಾಕ್ಟ್‌ನವರಿಗೆ ಬೂದಿ. ಪಕ್ಕದ ಮಷಿನ್‌ನ ನೀಲಿ ಶರ್ಟಿನವರಿಗೆ ಇವನ ಎರಡರಷ್ಟಕ್ಕಿಂತ ಹೆಚ್ಚು ಸಂಬಳ. ಹೊಸ ಮಾಡೆಲ್ ಬಂದಾಗ ಪ್ರೋಗ್ರಾಂ ಆಫ್‌ಸೆಟ್ ಹೇಗೆ ಕೊಡಬೇಕು ಅಂತ ಅವರಿಗೆ ಹೇಳಿಕೊಟ್ಟವನು ಇವನೇ. ಇಬ್ಬರೂ ಒಳ್ಳೆ ಸ್ನೇಹಿತರು. ಆ ಅಣ್ಣನೇ ನಮ್ಮ ಹುಡುಗನಿಗೆ ಬೈಕ್ ಲೋನ್‌ಗೆ ಜಾಮೀನು ಹಾಕಿದ್ದು.

ಕೆಲಸ ಏನೂ ಕೊಟ್ಟಿಲ್ಲ ಅಂತ ಹೇಳಿದರೆ ತಪ್ಪಾಗುತ್ತೆ. ಚಿಕ್ಕಮ್ಮ ಸಂಘದ ಸಾಲ ತೀರಿಸಿದ್ದು ಅವನ ಓಟಿ ದುಡ್ಡಿನಲ್ಲಿ. ಚಿಕ್ಕಪ್ಪನಿಗೆ ಆಪರೇಷನ್ ಆದಾಗ ಇಎಸ್‌ಐ ಕಾರ್ಡ್ ಇತ್ತು. ತಿಂಗಳಿಗೆ 21,000 ರೂಪಾಯಿ ಒಳಗಿನ ಸಂಬಳದವರಿಗೆ ಸಿಗೋ ಆ ಕಾರ್ಡ್ ಇಲ್ಲದಿದ್ದರೆ ಎರಡು ಸೀಮೆಹಸು ಹೋಗ್ತಿದ್ದವು. ಬೆಳಗ್ಗೆ ಐದೂವರೆಗೆ ನಮ್ಮೂರ ಸರ್ಕಲ್‌ನಲ್ಲಿ ನಿಂತರೆ ಒಂದರ ಹಿಂದೆ ಒಂದು ಕಂಪನಿ ಗಾಡಿಗಳು. ಯೂನಿಫಾರಂ ಮೇಲೆ ಸ್ವೆಟರ್ ಹಾಕಿದ ಹೆಣ್ಣುಮಕ್ಕಳು, ಗಾರ್ಮೆಂಟ್ಸ್‌ಗೆ, ವೈರಿಂಗ್ ಲೈನ್‌ಗೆ ಹೋಗೋರು, ನಗ್ತಾ ಹತ್ತುತ್ತಾರೆ. ನಾನು ಅವರ ವಯಸ್ಸಲ್ಲಿದ್ದಾಗ ಹೆಣ್ಣುಮಗಳ ಕೈಯಲ್ಲಿ ಅವಳದೇ ಎಟಿಎಂ ಕಾರ್ಡ್ ನೋಡಿದ್ದು ಟೀಚರಮ್ಮನ ಹತ್ತಿರ ಮಾತ್ರ. ಇದು ಸಣ್ಣದಲ್ಲ. ಈ ಕೆಲಸ ಬೇಡ ಅಂತ ನಮ್ಮೂರಲ್ಲಿ ಯಾರೂ ಹೇಳ್ತಿಲ್ಲ. ಇದಕ್ಕೆ ಒಂದು ಬುಡ ಇರಲಿ ಅಂತಾರೆ.

ಅದಕ್ಕೇ ಸರ್ಕಾರ ಸಬ್ಸಿಡಿ ಕೊಡುವಾಗ, ಕೆಐಎಡಿಬಿ ಜಮೀನು ಕೊಡುವಾಗ, ತೆರಿಗೆ ಬಿಡುವಾಗ ಎಷ್ಟು ಉದ್ಯೋಗ ಅಂತ ಒಂದೇ ಕಾಲಂ ತುಂಬಿಸಿಕೊಂಡರೆ ಸಾಲದು. ಯಾರ ರೋಲ್‌ನಲ್ಲಿ, ಎಷ್ಟು ವರ್ಷಕ್ಕೆ, ಹೋದ ಸಲ ಹೇಳಿದ್ದರಲ್ಲಿ ಎಷ್ಟು ಜನ ಇನ್ನೂ ಇದ್ದಾರೆ ಅಂತ ಇನ್ನು ಮೂರು ಕಾಲಂ ಇರಲಿ. ಕಾಂಟ್ರಾಕ್ಟರ್ ಬದಲಾದರೂ ಆ ಮಷಿನ್ ಮುಂದೆ ನಿಂತ ವರ್ಷಗಳು ಅವನ ಲೆಕ್ಕದಲ್ಲೇ ಉಳಿಯಲಿ. ಯುಎಎನ್ ನಂಬರ್ ಒಂದೇ ಇದೆ, ಮಾಹಿತಿ ಕಂಪ್ಯೂಟರ್‌ನಲ್ಲೇ ಇದೆ. ಹಿಂದಿನ ಸೇವೆ ಕೂಡಿಸೋದು ನಮ್ಮಂಥವರಿಗೆ ಒಂದು ವಾರಾಂತ್ಯದ ಕೋಡಿಂಗ್. ಆರ್ಡರ್ ಇಳಿದರೆ ಜನ ಕಡಿಮೆ ಮಾಡಬೇಕಾಗಬಹುದು, ಒಪ್ಪೋಣ. ಆದರೆ ಆರ್ಡರ್ ನಾಲ್ಕು ವರ್ಷದಿಂದ ಏರುತ್ತಾನೇ ಇರುವಾಗ, ಎರಡನೇ ಶೆಡ್ ಏಳ್ತಾ ಇರುವಾಗ, ಅವನು ಇನ್ನೂ ತಾತ್ಕಾಲಿಕ ಹೇಗೆ?

ಹೋದ ವಾರ ಅವನು ಫೋನ್ ಮಾಡಿದ್ದ. ಹೊಸ ಶೆಡ್ ಯುಗಾದಿ ಹೊತ್ತಿಗೆ ಶುರುವಾಗುತ್ತಂತೆ, ಗೇಟಿನಲ್ಲಿ 400 ಜನ ಬೇಕು ಅಂತ ಬೋರ್ಡ್ ಹಾಕಿದ್ದಾರಂತೆ. ಈಗಿನ ಕನ್ಸಲ್ಟೆನ್ಸಿ ಜೊತೆಗಿನ ಅವನ ಕಾಂಟ್ರಾಕ್ಟ್ ಮಾರ್ಚ್‌ಗೆ ಮುಗಿಯುತ್ತೆ.

"ಅಕ್ಕಾ, ಆ 400ರಲ್ಲಿ ನಾನು ಸೇರಿದ್ದೀನಾ, ಇಲ್ಲ ಅವರೆಲ್ಲ ಹೊಸಬರಾ?"

"ಯಾರನ್ನಾದರೂ ಕೇಳಿದ್ಯೇನೋ?"

"ಯಾರನ್ನ ಕೇಳ್ಲಿ ಏಳು," ಅಂದ. ಆಚೆ ಕಡೆ ಶಿಫ್ಟ್ ಬೆಲ್ ಹೊಡೀತು. "ಸರಿ ಅಕ್ಕಾ, ಪಂಚ್ ಮಾಡ್ಬೇಕು. ಆಮೇಲೆ ಮಾಡ್ತೀನಿ."